ಗ್ಯಾರೇಜ್ ಬಾಗಿಲಿನ ಟಿಕಳಿ

ಕಳೆದ ತಿಂಗಳು, ಡಾಲಸ್ ಹತ್ತಿರದ ಅಲೆನ್ ಊರಿನ ನಮ್ಮ ಮನೆಯ ಗ್ಯಾರೇಜ್ ಖಾಲಿ ಮಾಡುವಾಗ, ಕ್ರಿಸ್‌ಮಸ್ ಸಾಮಾನಿನ ಡಬ್ಬಿಯ ತಳದಲ್ಲಿ ಖಣದ ಬಟ್ಟೆಯ ಒಂದು ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ನುಸಿಗುಳಿಗೆಯದು, ಒಣಗಿದ ಅರಿಶಿನದ್ದು... ಒಳಗಿದ್ದದ್ದು ಕಪ್ಪು ಲೋಹದ ಒಂದು ದೊಡ್ಡ ಬಳೆ. ಬಳೆ ಎಂದರೂ ಮೂರು ಬೆರಳಷ್ಟು ಉದ್ದ, ಒಂದು ತುದಿಯಲ್ಲಿ ತಿರುಪು. ಪಕ್ಕದಲ್ಲಿದ್ದ ಮಗಳು ಅದನ್ನು ಎತ್ತಿ, ಒಂದು ಕಣ್ಣಿಗೆ ಹಿಡಿದು ನನ್ನನ್ನು ನೋಡಿ, "ವಾಟ್ ಈಸ್ ದಿಸ್ ಫಾರ್?" ಎಂದಳು.

ಲೆನ್ಸ್ ಹುಡ್ ಅಂದೆ. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಕ್ಯಾಮೆರಾಕ್ಕೆ ಅದೇ ಕೆಲಸ ಮಾಡುವ ಸಾಮಾನು ಅಂದೆ. ಆದರೆ ಈ ಹುಡ್ಡನ್ನು ಆ ಕೆಲಸಕ್ಕೆ ಕೊಂಡದ್ದೇ ಅಲ್ಲ. ಒಬ್ಬ ಹೆಂಗಸಿನ ಕಾರಿನ ಕೀಲಿ, ಅಂದರೆ ಈ ಊರಿನಲ್ಲಿ ಅವರ ಕೈಕಾಲು, ಇದರ ಮೇಲೆ ನಿಂತಿತ್ತು ಎಂದು ಹೇಳಿದರೆ ಮಗಳು ನಂಬುವಳೇ? ನಾನೇ ಮೂರ್ನಾಲ್ಕು ವರ್ಷ ಅದರ ತಲೆಬುಡ ತಿಳಿಯದೆ ಒದ್ದಾಡಿದ್ದೆ. ಇವತ್ತಿಗೂ ಪೂರ್ತಿ ತಿಳಿದಿದೆ ಎಂದು ಎದೆ ಮುಟ್ಟಿ ಹೇಳಲಾರೆ.

ನಾವು ಅವರನ್ನು ಆಂಟಿ ಎಂದೇ ಕರೆಯುತ್ತಿದ್ದೆವು. ಹುಬ್ಬಳ್ಳಿಯವರು. ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಮನೆ, ಅವರ ಗಂಡ ಅಂಕಲ್‌ಗೆ ಅಲ್ಲೇ ಲಾಸ್ ಕೊಲಿನಾಸ್‌ನಲ್ಲಿ ಆಫೀಸು. ಎರಡು ಸಾವಿರದ ಇಸವಿಯ ಆಚೀಚೆ ಡಾಲಸ್ಸಿಗೆ ಓದಲು ಬಂದ ಕನ್ನಡದ ಹುಡುಗ ಹುಡುಗಿಯರಲ್ಲಿ ಆಂಟಿಯ ಕಾರು ಹತ್ತದವರು ಇರಲಿಲ್ಲ. ಏರ್‌ಪೋರ್ಟಿನಿಂದ ನನ್ನನ್ನು ಕರೆತಂದವರು ಅವರೇ. ಅಕ್ಕಿ ಬೇಳೆಗೆ ಕರೆದೊಯ್ಯುವವರು ಅವರೇ. ಗಂಡನ ವೀಸಾದ ಬಾಲ ಹಿಡಿದು ಬಂದು, ಪಕ್ಕದ ಊರು ಫ್ಲವರ್ ಮೌಂಡ್‌ನ ಮನೆಗಳಲ್ಲಿ ಗೋಡೆ ನೋಡುತ್ತ ಕೂತಿದ್ದ ಹೆಂಗಸರಿಗೆಲ್ಲ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸಿದವರೂ ಅವರೇ. ನಾನು ಮೈಸೂರಿನ ಕ್ರೈಸ್ತರ ಮನೆಯವಳು. ಮೊದಲ ದಿನವೇ ಅವರು ನನ್ನನ್ನು ತಂಗಿ ಎಂದು ಕರೆದರು, ಹಸಿವಾಗಿದೆಯೇ ಎಂದು ಕೇಳಿದರು. ಹೌದು ಅಂದೆ. ಪರಿಚಯದ ಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ಕಾರು ಬಿಟ್ಟರೆ ಅವರಿಗಿದ್ದ ಇನ್ನೊಂದು ಹುಚ್ಚು ಕ್ಯಾಮೆರಾ. ನಾಮಕರಣ, ಸೀಮಂತ, ಗೃಹಪ್ರವೇಶ, ಯಾರ ಮನೆಯದಾದರೂ ಸರಿ, ಫಿಲ್ಮ್ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವರು. ಇಕ್ಕಟ್ಟಿನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಇಪ್ಪತ್ತು ಜನರನ್ನು ಹಿಡಿಸಬೇಕಲ್ಲ, ಅದಕ್ಕೆಂದೇ ಅಗಲವಾಗಿ ನೋಡುವ ಒಂದು ವೈಡ್ ಆ್ಯಂಗಲ್ ಜೂಮ್ ಲೆನ್ಸ್ ಕೊಂಡಿದ್ದರು. ಪ್ರತಿ ಕಾರ್ಯಕ್ರಮದಲ್ಲೂ ಉಡಿ ತುಂಬಿ ಕೊಟ್ಟ ಖಣಗಳು ರವಿಕೆಯಾಗುತ್ತಿರಲಿಲ್ಲ, ಆ ಲೆನ್ಸಿನ ಹೊದಿಕೆಯಾಗುತ್ತಿದ್ದವು. ಊಟ ಬಡಿಸುವ ಮೊದಲು ಗ್ರೂಪ್ ಫೋಟೋ ಆಗಲೇಬೇಕು. ಸ್ಟೂಲಿನ ಮೇಲೆ ಹತ್ತಿ ನಿಂತು ಅವರು ಕೂಗುತ್ತಿದ್ದ ಮಾತು ಯಾವಾಗಲೂ ಒಂದೇ.

"ಅಂಚಿನಾಗ ನಿಂತವ್ರು ಒಳಗ ಬರ್ರಿ."

ಅಂಚಿನಲ್ಲಿ ನಿಲ್ಲುವವಳು ನಾನೇ. ಫೋಟೋ ಎಂದರೆ ನನಗೆ ಅಷ್ಟಕ್ಕಷ್ಟೆ.

ಒಂದು ಶನಿವಾರ ಅವರು ನನ್ನನ್ನು ಕೂರಿಸಿಕೊಂಡು, ನೀನು ಬೆಳಕಿನ ವಿಷಯ ಓದುತ್ತೀಯಲ್ಲ, ನನಗೊಂದು ಹುಡ್ ಆರಿಸಿ ಕೊಡು ಎಂದರು. ನಾನು ಓದುತ್ತಿದ್ದದ್ದು ಟೆಲಿಫೋನ್ ಕಂಪನಿಗಳು ನೆಲದಡಿ ಹೂಳುವ ಗಾಜಿನ ಎಳೆಯೊಳಗಿನ ಬೆಳಕು. ಫೋಟೋಗೂ ಅದಕ್ಕೂ ಎತ್ತಣ ಸಂಬಂಧ? ಆದರೆ ಅವರು ಹಾಕಿದ ರೊಟ್ಟಿ ಬಾಯಲ್ಲಿತ್ತು, ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಲೈಬ್ರರಿಯಲ್ಲಿ ಕೂತು ಓದಿದೆ, ಇಂಟರ್‌ನೆಟ್ ಜಾಲಾಡಿದೆ.

ತಿಳಿದುಕೊಂಡದ್ದು ಇಷ್ಟು. ವೈಡ್ ಲೆನ್ಸ್ ಅಕ್ಕಪಕ್ಕದ್ದನ್ನೆಲ್ಲ ನೋಡುತ್ತದೆ, ಆದ್ದರಿಂದ ಅದರ ಹುಡ್ ಗಿಡ್ಡಗಿರಬೇಕು. ಉದ್ದವಾದರೆ ಲೆನ್ಸಿಗೆ ಹುಡ್ಡೇ ಕಾಣಿಸಿ, ಫೋಟೋದ ನಾಲ್ಕು ಮೂಲೆಯೂ ಕಪ್ಪಾಗುತ್ತದೆ. ಅದಕ್ಕೇ ಇಂಥ ಲೆನ್ಸಿನ ಹುಡ್ಡನ್ನು ಹೂವಿನ ಎಸಳಿನ ಹಾಗೆ ಮಾಡುತ್ತಾರೆ, ಮೂಲೆಗಳ ಕಡೆ ಕತ್ತರಿಸಿ ಬಿಟ್ಟಿರುತ್ತಾರೆ. ಜೂಮ್ ಬೇರೆ ಆದ್ದರಿಂದ, ಅತಿ ಅಗಲಕ್ಕೆ ತಿರುಗಿಸಿದಾಗಲೂ ಕಪ್ಪು ಬಾರದ ಹುಡ್ಡನ್ನೇ ಆರಿಸಬೇಕು. ಆಂಟಿಯ ಲೆನ್ಸಿನ ಜೊತೆ ಬಂದಿದ್ದ ಎಸಳಿನ ಹುಡ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಹೊಸದು ಬೇಡವೇ ಬೇಡ ಎಂದು ನಾನು ದೊಡ್ಡ ವಿದುಷಿಯ ಗತ್ತಿನಲ್ಲಿ ವರದಿ ಒಪ್ಪಿಸಿದೆ.

ಅವರು ಎಲ್ಲ ಕೇಳಿಸಿಕೊಂಡರು. ಗಿಡ್ಡಂದು ಇದೆ, ತನಗೆ ಉದ್ದಂದು ಬೇಕು ಎಂದರು. ಮೂಲೆ ಕಪ್ಪಾಗುತ್ತೆ ಆಂಟಿ ಎಂದು ಮತ್ತೆ ಹೇಳಿದೆ.

"ಕರಿ ಬರ್ಲಿ ತಂಗಿ. ಬರಬೇಕಂತನ ಕೇಳಾಕತ್ತೀನಿ."

ನಾನು ಕಣ್ಣು ಕಣ್ಣು ಬಿಟ್ಟೆ. ಲೋಕವೆಲ್ಲ ಯಾವುದು ಬರಬಾರದೆಂದು ಹುಡ್ ಹುಡುಕುತ್ತದೋ, ಅದೇ ಬರಲಿ ಎಂದು ಹುಡುಕುವವರಿಗೆ ಏನು ಹೇಳುವುದು? ಕೊನೆಗೆ ದೂರದ್ದನ್ನು ತೆಗೆಯುವ ಬೇರೊಂದು ಲೆನ್ಸಿಗೆಂದು ಮಾಡಿದ, ತಿರುಪಿನ, ಲೋಹದ ಈ ಹುಡ್ಡನ್ನು ತರಿಸಿಕೊಟ್ಟೆ. ಇಷ್ಟು ತಪ್ಪಾದ ಆಯ್ಕೆಯನ್ನು ಇಷ್ಟು ಸಂತೋಷದಿಂದ ಸ್ವೀಕರಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಅದನ್ನು ಅವರು ಯಾವ ಸೀಮಂತಕ್ಕೂ ಒಯ್ಯಲಿಲ್ಲ. ಅಲ್ಲಿಗೆ ಹಳೆಯ ಎಸಳಿನ ಹುಡ್ಡೇ. ಉದ್ದನೆಯದು ಮನೆಯಲ್ಲಿ ಮಾತ್ರ, ಅದೂ ಅಂಕಲ್ ಆಫೀಸಿಗೆ ಹೋದ ಮೇಲೆ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು, ಬಿಳಿ ಬಣ್ಣದ ಗ್ಯಾರೇಜ್ ಬಾಗಿಲಿಗೆ ಎದುರಾಗಿ ಕೂರುವರು. ಬಾಗಿಲಿನ ನಟ್ಟನಡುವೆ ಒಂದು ದೊಡ್ಡ ಕೆಂಪು ಟಿಕಳಿ ಅಂಟಿಸಿದ್ದರು. ನಾವು ಬೊಟ್ಟು ಅನ್ನುವುದನ್ನು ಅವರ ಕಡೆ ಟಿಕಳಿ ಅನ್ನುತ್ತಾರೆ. ಗ್ಯಾರೇಜ್ ಬಾಗಿಲಿಗೆ ಯಾರಾದರೂ ಬೊಟ್ಟು ಇಡುತ್ತಾರೆಯೇ? ನಮ್ಮ ಮನೆಯಲ್ಲಿಲ್ಲದ ಪದ್ಧತಿ, ದೃಷ್ಟಿಗೋ ವಾಸ್ತುವಿಗೋ ಇರಬೇಕು ಎಂದು ಸುಮ್ಮನಾದೆ. ಕ್ಯಾಮೆರಾ ಕಣ್ಣಿಗಿಟ್ಟು, ಆ ಟಿಕಳಿಯನ್ನೇ ದಿಟ್ಟಿಸುತ್ತ, ಲೆನ್ಸಿನ ಸುತ್ತಲಿನ ಜೂಮ್ ಬಳೆಯನ್ನು ನಿಧಾನವಾಗಿ ಅಗಲದ ಕಡೆಗೆ ತಿರುಗಿಸುವರು. ಎಲ್ಲೋ ಒಂದು ಕಡೆ ನಿಲ್ಲಿಸುವರು. ಆಮೇಲೆ ಎಡಗಣ್ಣಿಗಿಟ್ಟು ಮತ್ತೊಮ್ಮೆ. ಲೆನ್ಸ್ ಒಂದೇ ಇರುವಾಗ ಎಡಗಣ್ಣು ಬಲಗಣ್ಣಿನ ಭೇದವೇಕೆ? ಅದೂ ಅರ್ಥವಾಗಲಿಲ್ಲ. ಕೊನೆಗೆ ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ನಿನಗ ಕರಿ ಎಲ್ಲೆ ಬಂತು, ಹೇಳು" ಅನ್ನುವರು.

ಆ ಬಳೆಯ ಮೇಲೆ ಅಂಕಿಗಳಿವೆ, ಅಂಕಿ ಇಳಿದಷ್ಟೂ ನೋಟ ಅಗಲ. ನನಗೆ ಇಪ್ಪತ್ತೆಂಟರ ಗೆರೆ ದಾಟುವಾಗಲೇ ಮೂಲೆಗಳಲ್ಲಿ ಕಪ್ಪು ಇಣುಕುತ್ತಿತ್ತು. ಅಗಲಕ್ಕೆ ಹೋದಷ್ಟೂ ಒಳಗೊಳಗೆ ಬರುತ್ತಿತ್ತು. ಹೇಳಿದರೆ, ಹೂಂ ಅನ್ನುವರು. ಅವರಿಗೆ ಎಲ್ಲಿ ಬಂತೆಂದು ನಾನು ಕೇಳಿದರೆ ಚಹಾ ಇಡಲು ಎದ್ದು ಹೋಗುವರು.

ಆದರೆ ನಾನು ಬಿಡುವವಳಲ್ಲ, ಇಂಜಿನಿಯರ್. ಒಮ್ಮೆ ಅವರ ಬೆರಳು ನಿಂತದ್ದು ಎಲ್ಲಿ ಎಂದು ಕದ್ದು ನೋಡಿದೆ. ಇಪ್ಪತ್ತನಾಲ್ಕರ ಹತ್ತಿರ ಇತ್ತು. ನನಗೆ ಇಪ್ಪತ್ತೆಂಟಕ್ಕೆ ಬಂದ ಕಪ್ಪು ಅವರಿಗೆ ಯಾಕೆ ತಡವಾಗಿ ಬಂತು? ಕಾರಣ ಹುಡುಕಿದೆ, ಸಿಕ್ಕಿತು ಕೂಡ. ಆಂಟಿಯ ಹಾಗೆ ಕನ್ನಡಕ ಹಾಕಿದವರಿಗೆ ಕ್ಯಾಮೆರಾದ ಕಿಂಡಿಯಲ್ಲಿ ಮೂಲೆಗಳು ಸರಿಯಾಗಿ ಕಾಣುವುದಿಲ್ಲವಂತೆ. ಇದನ್ನು ಹೇಳಿದಾಗ ಆಂಟಿಯ ಮುಖ ಅರಳಿತು. ಕನ್ನಡಕ ತೆಗೆದು, ಕಣ್ಣನ್ನು ಕಿಂಡಿಗೆ ಒತ್ತಿ ಮತ್ತೆ ನೋಡಿದರು. ಅದೇ ಇಪ್ಪತ್ತನಾಲ್ಕು. ಮುಖ ಬಾಡಿತು. ಒಂದು ಪ್ಲಾಸ್ಟಿಕ್ ಕಿಂಡಿಯ ವಿಷಯಕ್ಕೆ ಇಷ್ಟೊಂದು ಏಕೆ ಬೇಸರ ಮಾಡಿಕೊಳ್ಳುತ್ತಾರೋ ಎಂದು ನನಗೆ ಗಲಿಬಿಲಿ.

ಆ ದಿನಗಳಲ್ಲಿ ಗಲಿಬಿಲಿಗೆ ಬರವಿರಲಿಲ್ಲ. ದೇವಸ್ಥಾನದ ಊಟದ ಸಾಲಿನಲ್ಲಿ ಪಕ್ಕದಿಂದ ನಮಸ್ಕಾರ ಮಾಡಿದವರಿಗೆ ಆಂಟಿ ತಿರುಗಿಯೂ ನೋಡುವುದಿಲ್ಲ, ಸೊಕ್ಕು ಬಂದಿದೆ ಎಂದು ಒಬ್ಬರಿಬ್ಬರು ಗೊಣಗಿದರು. ನನಗೆ ಸಿಟ್ಟು ಬಂತು, ಯಾಕೆಂದರೆ ಅದೇ ಆಂಟಿ ಎದುರಿಗೆ ಬಂದವರನ್ನು ತಬ್ಬಿಕೊಳ್ಳುತ್ತಿದ್ದರು. ಗ್ರೂಪ್ ಫೋಟೋದಲ್ಲಿ ಒಳಗ ಬರ್ರಿ, ಇನ್ನೂ ಒಳಗ ಬರ್ರಿ ಎನ್ನುವುದು ಹೆಚ್ಚಾಗಿತ್ತು. ಜನ ಒಬ್ಬರ ಮೇಲೊಬ್ಬರು ಬೀಳುವಂತೆ ನಿಲ್ಲುವರು, ಫೋಟೋ ಬಂದಾಗ ನೋಡಿದರೆ ಎರಡೂ ಕಡೆ ಖಾಲಿ ಗೋಡೆ, ಖಾಲಿ ಸೋಫಾ. ಇಷ್ಟು ಅಗಲದ ಲೆನ್ಸ್ ಇಟ್ಟುಕೊಂಡು ಈ ಜಿಪುಣತನ ಯಾಕೆ ಎಂದು ಹುಡುಗರು ರೇಗಿಸುತ್ತಿದ್ದರು. ಅವರೂ ನಗುತ್ತಿದ್ದರು.

ಒಂದು ದಿನ ಹ್ಯೂಸ್ಟನ್‌ಗೆ ಹೋಗಿ ಬರೋಣ, ಅಲ್ಲೊಂದು ದೊಡ್ಡ ಕ್ಯಾಮೆರಾ ಅಂಗಡಿ ಇದೆಯಂತೆ, ಇನ್ನೊಂದು ಹುಡ್ ನೋಡೋಣ ಎಂದು ಹೊರಡಿಸಿದರು. ನಾಲ್ಕು ಗಂಟೆಯ ದಾರಿ, ಡಾಲಸ್‌ನಲ್ಲಿ ಸಿಗದ ಹುಡ್ಡೇ? ದಾರಿಯಲ್ಲಿ ಅವರು ಲೇನ್ ಬದಲಿಸುವಾಗಲೆಲ್ಲ ಕೋಳಿಯ ಹಾಗೆ ಪೂರ್ತಿ ಕತ್ತು ತಿರುಗಿಸಿ ನೋಡುತ್ತಿದ್ದರು. ನನಗೆ ಕಲಿಸಿದ್ದೂ ಹಾಗೆಯೇ, ಅದರಿಂದ ಅನುಮಾನ ಬರಲಿಲ್ಲ. ಅಂಗಡಿಯಲ್ಲಿ ನನ್ನನ್ನು ಇಳಿಸಿ, ಒಂದು ಸಣ್ಣ ಕೆಲಸವಿದೆ, ನೀನು ನೋಡುತ್ತಿರು ಎಂದು ಹೋದರು. ನಾನು ರಬ್ಬರಿನದು, ಪ್ಲಾಸ್ಟಿಕ್ಕಿನದು, ಎಸಳಿನದು, ದುಂಡನೆಯದು ಎಲ್ಲ ನೋಡಿ ಮುಗಿಸಿದೆ. ಅಂಗಡಿಯವನು ಏನು ಬೇಕೆಂದು ಕೇಳಿದ. ಮೂಲೆ ಕಪ್ಪು ಮಾಡುವಂಥದ್ದು ಬೇಕು ಎಂದು ಹೇಗೆ ಹೇಳಲಿ? ಸುಮ್ಮನೆ ನೋಡುತ್ತಿದ್ದೇನೆ ಅಂದೆ.

ಬಹಳ ಹೊತ್ತಾದ ಮೇಲೆ ಆಂಟಿ ಟ್ಯಾಕ್ಸಿಯಿಂದ ಇಳಿದರು. ಕನ್ನಡಕದ ಹಿಂದೆ ಸಿಕ್ಕಿಸಿಕೊಂಡ, ಸುರುಳಿ ಸುತ್ತಿದ್ದನ್ನು ಬಿಡಿಸಿದಂಥ ಕಪ್ಪು ಪ್ಲಾಸ್ಟಿಕ್ ಹಾಳೆ. ಅದೇನು ಎಂದರೆ ಬಿಸಿಲು ಎಂದರು. ಹ್ಯೂಸ್ಟನ್‌ನಲ್ಲಿ ಅವತ್ತು ಮೋಡ ಮುಚ್ಚಿತ್ತು. ಕಾರು ಎಲ್ಲಿ ಎಂದು ಕೇಳಿದೆ. ಒಂದು ಆಸ್ಪತ್ರೆಯ ಪಾರ್ಕಿಂಗ್ ಹೆಸರು ಹೇಳಿ, ಅಲ್ಲಿ ಜಾಗ ಸಿಕ್ಕಿತು, ಅಲ್ಲೇ ನಿಲ್ಲಿಸಿದೆ, ಮನೆಯವರೆಗೆ ನೀನೇ ಡ್ರೈವ್ ಮಾಡು ಎಂದರು. ಹುಡ್ ಕೊಳ್ಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ನಾನು ಯಾವುದೂ ಸರಿಯಾಗಿ ಆರಿಸಲಿಲ್ಲವೆಂದು ಕೋಪಗೊಂಡಿರಬೇಕು ಎಂದುಕೊಂಡೆ... ಈಗ ಯೋಚಿಸಿದರೆ, ಕಣ್ಣೆದುರೇ ಎಲ್ಲ ಇತ್ತು.

ಓದು ಮುಗಿದು ನನಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತು. ಶಿಫ್ಟ್ ಆದ ಮೇಲೆ ಫೋನು ಮಾತ್ರ. ಎರಡನೆಯ ವಸಂತದಲ್ಲಿ ಆಂಟಿ ತಾವೇ ಫೋನ್ ಮಾಡಿ, ಬ್ಲೂಬಾನೆಟ್ ನೋಡಲು ಬರುತ್ತಿದ್ದೇನೆ ಎಂದರು. ಮಾರ್ಚ್ ಕೊನೆಗೆ ಟೆಕ್ಸಾಸ್ ರಸ್ತೆಬದಿಯ ಬಯಲೆಲ್ಲ ಆ ನೀಲಿ ಹೂವಿನಿಂದ ತುಂಬುತ್ತದೆ. ಮಕ್ಕಳನ್ನು ಹೂವಿನೊಳಗೆ ಕೂರಿಸಿ ಫೋಟೋ ತೆಗೆಯದ ಸಂಸಾರವೇ ಇಲ್ಲ. ಒಬ್ಬರೇ ಬಂದರು. ಕಾರಿನ ಬಲಗಡೆಯ ಕನ್ನಡಿ ಒಡೆದಿತ್ತು, ಟೇಪ್ ಸುತ್ತಿದ್ದರು. ಯಾರದೋ ಮನೆ ಮುಂದಿನ ಮೇಲ್‌ಬಾಕ್ಸ್ ಕಂಬ ತಾಗಿತು ಎಂದರು.

ಊರಾಚೆ ಒಂದು ಬಯಲಿನ ಬಳಿ ನಿಲ್ಲಿಸಿದೆವು. ಅವರು ಕ್ಯಾಮೆರಾ ತೆಗೆದು ಖಣ ಬಿಚ್ಚಿದರೆ, ಲೆನ್ಸಿನ ತುದಿಗೆ ಅದೇ ಉದ್ದನೆಯ ಹುಡ್. ಎಸಳಿನದನ್ನು ತಂದೇ ಇರಲಿಲ್ಲ. ಅಷ್ಟು ಅಗಲವಾದ ಬಯಲಿಗೆ ಈ ಹುಡ್ ಹಾಕುವುದೇ ಎಂದು ನಾನು ಹಳೆಯ ರಾಗ ತೆಗೆದೆ. ಅವರು ಕೇಳಿಸಿಕೊಳ್ಳಲಿಲ್ಲ. ನೀನು ಹೋಗಿ ಹೂವಿನ ನಡುವೆ ನಿಲ್ಲು, ಇಲ್ಲಿ ಗ್ಯಾರೇಜ್ ಬಾಗಿಲಿಲ್ಲ, ಇವತ್ತು ನೀನೇ ಟಿಕಳಿ ಎಂದರು. ನಾನು ಹೋಗಿ ನಿಂತೆ, ಪೆದ್ದಿಯ ಹಾಗೆ ನಗುತ್ತ. ಅವರು ನನ್ನನ್ನೇ ದಿಟ್ಟಿಸುತ್ತ ಬಳೆ ತಿರುಗಿಸುವುದು ದೂರದಿಂದ ಕಾಣುತ್ತಿತ್ತು. ಬೆರಳು ಎಲ್ಲೂ ನಿಲ್ಲಲಿಲ್ಲ. ಕೊನೆಯವರೆಗೆ ತಿರುಗಿತು. ಆಮೇಲೆ ಕ್ಲಿಕ್ ಎಂದಿತು.

ಹತ್ತಿರ ಬಂದಾಗ ಅವರ ಧ್ವನಿ ಬಹಳ ಸಣ್ಣಗಿತ್ತು.

"ಬರಲಿಲ್ಲ ತಂಗಿ. ಕಡೀತನಕ ತಿರುವಿದೆ. ಕರಿ ಬರಲೇ ಇಲ್ಲ."

"ಒಳ್ಳೇದೇ ಆಯ್ತಲ್ಲ ಆಂಟಿ" ಅಂದೆ. ಯಾರಾದರೂ ಅದನ್ನೇ ಅನ್ನುತ್ತಿದ್ದರು. ಮೂಲೆ ಕಪ್ಪಾಗದಿದ್ದರೆ ಫೋಟೋ ಚೆನ್ನಾಗಿ ಬಂತೆಂದೇ ಅರ್ಥ.

ಅವರು ಕ್ಯಾಮೆರಾ ನನ್ನ ಕೈಗಿಟ್ಟರು. ಬಳೆ ಇನ್ನೂ ಅತಿ ಅಗಲದಲ್ಲೇ ಇತ್ತು. ಕಿಂಡಿಯಲ್ಲಿ ಕಣ್ಣಿಟ್ಟೆ. ಬಾವಿಯ ಒಳಗಿನಿಂದ ಮೇಲೆ ನೋಡಿದ ಹಾಗಿತ್ತು. ನಾಲ್ಕೂ ಮೂಲೆಯಿಂದ ಗಟ್ಟಿ ಕಪ್ಪು, ನಡುವೆ ದುಂಡಗೆ ಒಂದಿಷ್ಟು ನೀಲಿ. ಇದು ಹೇಗೆ ಕಾಣಲಿಲ್ಲ ಇವರಿಗೆ ಎಂದು ಕ್ಯಾಮೆರಾ ಇಳಿಸಿ ಅವರ ಮುಖ ನೋಡಿದೆ. ಆಗ ತಿಳಿಯಿತು. ಹುಡ್ ಅಲ್ಲ, ಕನ್ನಡಕ ಅಲ್ಲ, ಕಿಂಡಿಯೂ ಅಲ್ಲ. ಕೆಟ್ಟದ್ದು ಅವರ ಕಣ್ಣು.

ಅವರೇ ಹೇಳಿದರು, ಹೂವಿನ ಅಂಚಿನಲ್ಲಿ ಕೂತು. ಕಣ್ಣೊಳಗೆ ಒತ್ತಡ ಹೆಚ್ಚಾಗುವ ರೋಗ. ನೋವಿಲ್ಲ, ಮಂಜಿಲ್ಲ. ನಡುವಿನದು ಚೆನ್ನಾಗಿ ಕಾಣುತ್ತದೆ, ಸುತ್ತಲಿನಿಂದ ತಿಂದುಕೊಂಡು ಬರುತ್ತದೆ. ಅವರ ತಾಯಿಗೂ ಇತ್ತು. ತಾಯಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದನ್ನೂ, ಪಕ್ಕ ನಿಂತವರನ್ನು ನೋಡದೆ ಹೋಗುವುದನ್ನೂ ಹುಬ್ಬಳ್ಳಿಯ ಮನೆಯವರು ಸೊಕ್ಕು ಎಂದೇ ತಿಳಿದಿದ್ದರಂತೆ, ಪೂರ್ತಿ ಕುರುಡಾಗುವವರೆಗೆ. ಡಾಲಸ್‌ನ ಡಾಕ್ಟರ ಬಳಿ ಹೋದರೆ ಭಾನುವಾರ ದೇವಸ್ಥಾನದ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೆ ಹ್ಯೂಸ್ಟನ್. ಅವತ್ತಿನ ಆ ಕಪ್ಪು ಹಾಳೆ, ಕಣ್ಣಿಗೆ ಹನಿ ಹಾಕಿ ಪರೀಕ್ಷಿಸಿದ ಮೇಲೆ ಬೆಳಕು ಚುಚ್ಚದಿರಲೆಂದು ಅಲ್ಲಿ ಕೊಟ್ಟದ್ದು. ಡಾಕ್ಟರು ಆರು ತಿಂಗಳಿಗೊಮ್ಮೆ ಅಳೆಯುತ್ತಿದ್ದರು. ಆ ಆರು ತಿಂಗಳು ಕಾಯುವುದು ಇವರಿಂದ ಆಗುತ್ತಿರಲಿಲ್ಲ. ಒಂದೊಂದೇ ಕಣ್ಣಿನಿಂದ ಟಿಕಳಿ ನೋಡುತ್ತ ಬಳೆ ತಿರುಗಿಸಿದರೆ, ಎಲ್ಲಿಯವರೆಗೆ ಕಣ್ಣು ಉಳಿದಿದೆಯೆಂದು ಮೂಲೆಯ ಕಪ್ಪೇ ಹೇಳುತ್ತಿತ್ತು; ಅಂಚು ಸತ್ತ ಕಣ್ಣಿಗೆ ಅಂಚಿನ ಕಪ್ಪೂ ಕಾಣದು. ನನ್ನಿಂದ ನೋಡಿಸಿದ್ದು ಸರಿಯಾದ ಕಣ್ಣಿಗೆ ಎಲ್ಲಿ ಕಾಣಬೇಕು ಎಂದು ತಿಳಿಯಲು.

ಅಂಕಲ್‌ಗೆ ಯಾಕೆ ಹೇಳಲಿಲ್ಲ ಎಂದೆ. ಹೇಳಿದ ದಿನವೇ ಕೀಲಿ ಕಿತ್ತುಕೊಳ್ಳುತ್ತಾರೆ, ಕೀಲಿ ಹೋದರೆ ನಾನು ಇಲ್ಲಿ ಯಾರು ಎಂದು ಕೇಳಿದರು. ಏರ್‌ಪೋರ್ಟು, ಅಕ್ಕಿ ಬೇಳೆ, ಫ್ಲವರ್ ಮೌಂಡ್‌ನ ಹೆಂಗಸರು... ಲೇನ್ ಬದಲಿಸುವಾಗಿನ ಆ ಕೋಳಿ ಕತ್ತು ನೆನಪಾಗಿ, ಹೆದರಿಕೆಯೂ ಸಿಟ್ಟೂ ಒಟ್ಟಿಗೇ ಬಂತು. ಪ್ರೀತಿಯೂ ಬಂತು. ಯಾವುದನ್ನು ಮೊದಲು ತೋರಿಸಬೇಕೋ ತಿಳಿಯಲಿಲ್ಲ.

ಅವರು ಸೊಂಟದ ಪರ್ಸಿನಿಂದ ಕಾರಿನ ಕೀಲಿ ತೆಗೆದರು.

"ಕರಿ ಕಾಣೂತನಕ ಗಾಡಿ ಹೊಡೀತೀನಿ, ಕಾಣದ ದಿನ ಬಿಡ್ತೀನಿ ಅಂತ ನನಗ ನಾನ ಮಾತ ಕೊಟ್ಟಿದ್ದೆ. ಹಿಡಿ."

ಹಿಡಿದೆ. ಅಲ್ಲಿಂದ ಇರ್ವಿಂಗ್‌ವರೆಗೆ ನಾನೇ ಡ್ರೈವ್ ಮಾಡಿದೆ. ಅವರು ಪಕ್ಕದಲ್ಲಿ ಕೂತು, ಸಿಗ್ನಲ್ ಹಾಕು, ಕತ್ತು ತಿರುಗಿಸು ಎಂದು ಪಾಠ ಹೇಳುತ್ತಲೇ ಇದ್ದರು, ಪಾರ್ಕಿಂಗ್ ಲಾಟಿನಲ್ಲಿ ಹೇಳಿದ ಹಾಗೆಯೇ. ಮನೆ ತಲುಪಿದಾಗ ಅಂಕಲ್ ಹುಲ್ಲಿಗೆ ನೀರು ಬಿಡುತ್ತಿದ್ದರು. ಆಂಟಿ ಇಳಿದು ನೇರ ಅವರ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದರು. ಅಂಕಲ್ ಕೈಯಲ್ಲಿದ್ದ ಪೈಪು ಒಂದೇ ಕಡೆ ಸುರಿಯುತ್ತ ನಿಂತಿತು. ಮರುದಿನ ನಾನು ಬಸ್ ಹಿಡಿಯುವ ಮೊದಲು, ಆಂಟಿ ಲೆನ್ಸಿನಿಂದ ಈ ಹುಡ್ಡನ್ನು ತಿರುಚಿ ತೆಗೆದು, ಖಣದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇನ್ನು ತನಗೆ ಬೇಡ ಎಂದರು. ಗ್ಯಾರೇಜ್ ಬಾಗಿಲಿನ ಟಿಕಳಿ ಮಾತ್ರ ಹಾಗೇ ಇತ್ತು.

ಆಮೇಲೆ ಅವರು ಡಾಕ್ಟರ ಹತ್ತಿರವಿರಲೆಂದು ಹ್ಯೂಸ್ಟನ್‌ಗೆ ಶಿಫ್ಟ್ ಆದರು. ರೋಗ ನಿಧಾನವಾಯಿತು, ನಿಲ್ಲಲಿಲ್ಲ. ನಾನು ಹೋದಾಗಲೆಲ್ಲ ಎದುರಿಗೆ ನೇರ ನಿಂತು ಮಾತಾಡಿಸುತ್ತಿದ್ದೆ. ಅವರಿಂದ ಡ್ರೈವಿಂಗ್ ಕಲಿತ ಹೆಂಗಸರು ಡಾಲಸ್‌ನಿಂದ ಸರದಿಯ ಮೇಲೆ ಹೋಗಿ ಅವರನ್ನು ಕಾರಿನಲ್ಲಿ ಸುತ್ತಿಸಿಕೊಂಡು ಬರುತ್ತಿದ್ದರು. ಕೊನೆಗೆ ರೊಟ್ಟಿ ಬಡಿಯುವಾಗ ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು... ಹೋದ ವರ್ಷ ಅಂಕಲ್‌ರ ಮೆಸೇಜ್ ಬಂತು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನೀಲಿ ಹೂವಿನ ಬಯಲಿನ ಆ ಫೋಟೋವನ್ನು ಆಂಟಿ ಆಗಲೇ ತೊಳೆಸಿ ಪೋಸ್ಟಿನಲ್ಲಿ ಕಳಿಸಿದ್ದರು. ಫೋನಿನಲ್ಲಿ, ಚೆನ್ನಾಗಿ ಬಂದಿದೆ ಎಂದರು. ಹೌದು ಆಂಟಿ ಅಂದೆ. ಮೂಲೆಗಳ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಪ್ಪು ಇದೆಯೆಂದು ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಕ್ಲಿಕ್ ಮಾಡಿದರೇ? ಎಷ್ಟೋ ಸಲ ಯೋಚಿಸಿದ್ದೇನೆ, ಬಗೆಹರಿದಿಲ್ಲ.

ಮೊನ್ನೆ ಆಲ್ಬಮ್ ಹುಡುಕಿ ಮಗಳಿಗೆ ಆ ಫೋಟೋ ತೋರಿಸಿದೆ. ಅವಳು ಹುಡ್ಡನ್ನು ಕಣ್ಣಿಗಿಟ್ಟುಕೊಂಡೇ ಬಗ್ಗಿ ನೋಡಿ, ಇದೇನಮ್ಮ, ಸುತ್ತ ಎಲ್ಲ ಕಪ್ಪು, ನಡುವೆ ಇಷ್ಟೇ ಇಷ್ಟು ನೀನು ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಹೌದು, ಇಷ್ಟೇ ಇಷ್ಟು. ಕಣ್ಣು ಹರಿದಷ್ಟು ದೂರ ಆ ಬಯಲಿನ ತುಂಬ ಹೂವಿತ್ತು. ಆಂಟಿಗೆ ಅವತ್ತು ಕಂಡದ್ದು ನಾನೊಬ್ಬಳೇ.